ಎರಡು ಆಡು, ಇಪ್ಪತ್ತಾರು ವಾರ

‘ಆಡು ಕೊಟ್ರೆ ಯುಗಾದಿಯೊಳಗೆ ಮಾರಿ ತಿಂತಾರೆ’ ಅಂತ, ಬಡ ಮನೆಗಳಿಗೆ ಆಡು ಕೊಡಲು ಹೊರಟಾಗ ನಮ್ಮ ಜೊತೆ ಕೆಲಸ ಮಾಡುವವರೇ ಹೇಳಿದ್ದರು. ಮೂರು ಯುಗಾದಿ ಕಳೆದವು. ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ನಾಲ್ಕು ಊರುಗಳ 34 ಮನೆಗಳಲ್ಲಿ 29 ಮನೆಯಲ್ಲಿ ಈಗಲೂ ಆಡುಗಳಿವೆ.

ಎಂಥ ಮನೆಗಳು ಅಂದರೆ: ಗಂಡ ತೀರಿಕೊಂಡವರು, ಮಾಜಿ ದೇವದಾಸಿಯರು, ಮೊಮ್ಮಕ್ಕಳನ್ನು ಸಾಕುವ ಅಜ್ಜಿಯರು. ಸುತ್ತ ಹೈಬ್ರಿಡ್ ಹತ್ತಿ ಬೀಜ ತಯಾರಿಸುವ ಪ್ಲಾಟುಗಳು. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಬೆಳಿಗ್ಗೆ ಗಂಡು ಹೂ ತಂದು ಪರಾಗ ತಾಗಿಸಿ ಕ್ರಾಸ್ ಮಾಡಬೇಕು. ಅದಕ್ಕೆ ಸಣ್ಣ ಬೆರಳೇ ಬೇಕು ಅಂತ ಆರನೇ, ಏಳನೇ ಕ್ಲಾಸಿನ ಹುಡುಗಿಯರನ್ನು ಕರೆಯುತ್ತಾರೆ. ಹೋದವರಲ್ಲಿ ಎಷ್ಟೋ ಜನ ಶಾಲೆಗೆ ತಿರುಗಿ ಬರುವುದೇ ಇಲ್ಲ.

ಮಗಳ ಕೂಲಿ ಇಲ್ಲದೆ ಮನೆ ನಡೆಯಲಿ ಅಂತ ಮೊದಲ ವರ್ಷ 12 ಹೊಲಿಗೆ ಯಂತ್ರ ಕೊಟ್ಟೆ. ಒಂದಕ್ಕೆ 6 ಸಾವಿರದ ಹತ್ತಿರ. ಊರಲ್ಲಿ ಆಗಲೇ ಮೂವರು ಟೇಲರ್ ಇದ್ದರು. ವರ್ಷದೊಳಗೆ ಒಂಬತ್ತು ಯಂತ್ರಗಳ ಮೇಲೆ ಬಟ್ಟೆ ಗಂಟು ಕೂತಿತ್ತು.

ಎರಡನೇ ವರ್ಷ ಆಡು. ಜೂನ್‌ನಲ್ಲಿ ಸಂತೆಯಿಂದ 40 ಆಡು ಒಂದೇ ಸಲ ಟೆಂಪೋದಲ್ಲಿ ತುಂಬಿ, ಮಳೆಯಲ್ಲಿ ನೆನೆಸಿಕೊಂಡು ತಂದೆ. ವಾರ ಕಳೆಯುವಷ್ಟರಲ್ಲಿ ಮೂಗು ಸೋರಿಕೆ, ಭೇದಿ. ಪಿಪಿಆರ್, ಅಂದರೆ ಆಡು-ಕುರಿಗಳಲ್ಲಿ ಹರಡುವ ಸಾಂಕ್ರಾಮಿಕ ರೋಗ. 17 ಸತ್ತವು, ಸುಮಾರು ಒಂದೂಕಾಲು ಲಕ್ಷ ಹೋಯಿತು. ಬದುಕಿದವೂ ದೀಪಾವಳಿ ಹೊತ್ತಿಗೆ ಮಾರಾಟ. ಒಬ್ಬ ಅಕ್ಕನ ಮೇಲೆ ರೇಗಿಬಿಟ್ಟೆ. ಆಕೆ ಮೆಲ್ಲಗೆ ಕೇಳಿದಳು: ‘ಆಡು ಕೊಟ್ರಿ ಖರೆ ಅಕ್ಕಾರ, ಶ್ರಾವಣ ಮುಗಿಯೋತನಕ ನಾವು ಏನ್ ತಿನ್ಬೇಕ್ರಿ?’

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಷಾಢದಲ್ಲಿ ಮನೆ ಖಾಲಿ. ಪ್ಲಾಟಿನವರು ನಾಲ್ಕೈದು ಸಾವಿರ ಮುಂಗಡ ಕೊಡುತ್ತಾರೆ, ಅದನ್ನು ತೀರಿಸಲು ಮಗಳು ಹೋಗುತ್ತಾಳೆ. ಆಡಿನಿಂದ ದುಡ್ಡು ಬರಲು ಕಡಿಮೆ ಅಂದರೂ ಒಂದು ವರ್ಷ ಬೇಕು.

ಅದಕ್ಕೇ ಲೆಕ್ಕ ತಿರುಗಿಸಿದೆ. ಮೊದಲು ದುಡ್ಡು, ಆಮೇಲೆ ಆಡು. ಆಷಾಢದಿಂದ 26 ವಾರ, ಸಂತೆಯ ದಿನ ಕೈಯಲ್ಲೇ 350 ರೂಪಾಯಿ. ಹಳೇ ಮುಂಗಡ ಇದ್ದರೆ ಅದನ್ನೂ ತೀರಿಸಿದೆವು. ‘ಸುಮ್ನೆ ದುಡ್ಡು ಹಂಚಿದರೆ ಸೋಮಾರಿಗಳಾಗ್ತಾರೆ’ ಅಂದವರಿದ್ದರು. ಆ ಅಕ್ಕಂದಿರು ಒಂದು ದಿನವೂ ಕೂಲಿ ಬಿಡಲಿಲ್ಲ. ಮಗಳನ್ನು ಕಳಿಸುವುದನ್ನು ಮಾತ್ರ ಬಿಟ್ಟರು.

ದೀಪಾವಳಿ ಆದ ಮೇಲೆ, ಅಕ್ಕಪಕ್ಕದ ಊರಿನ ಮನೆಗಳಿಂದಲೇ, ಒಂದು ಸಲ ಈದ ಆಡು ಎರಡೆರಡು. ಪಿಪಿಆರ್ ಲಸಿಕೆ ಹಾಕಿಸಿ 15 ದಿನ ಬೇರೆ ಕಟ್ಟಿಸಿದೆ. ಕರುಳುಬೇನೆಯ ಲಸಿಕೆ ಮಳೆಗೆ ಮುಂಚೆ, ಪ್ರತಿ ವರ್ಷ. ಹಲ್ಲು, ಕೆಚ್ಚಲು ಎಲ್ಲರೂ ನೋಡುತ್ತಾರೆ. ನಾನು ಬೆಳಗಿನ ಜಾವ ಇನ್ನೊಂದನ್ನು ನೋಡುತ್ತೇನೆ. ಅದನ್ನು ಬರೆದರೆ ನಾಳೆ ದಲ್ಲಾಳಿಗಳೂ ಕಲಿಯುತ್ತಾರೆ, ಬೇಡ. ಒಂದು ಮನೆಗೆ ಎಲ್ಲ ಸೇರಿ 33 ಸಾವಿರದ ಆಸುಪಾಸು ಖರ್ಚು. ಆಡು ಕೊಟ್ಟ ಎರಡನೇ ವರ್ಷದಿಂದ ಒಂದು ಮನೆಗೆ ವರ್ಷಕ್ಕೆ 20ರಿಂದ 25 ಸಾವಿರ ಬರುತ್ತಿದೆ.

ವಾರಕ್ಕೊಮ್ಮೆ ಹೋದಾಗ ಆಡು ಎಣಿಸುತ್ತಿದ್ದೆ, ಮಕ್ಕಳ ನೋಟ್‌ಬುಕ್ಕಿನ ಕೊನೇ ಪುಟದ ತಾರೀಖು ನೋಡುತ್ತಿದ್ದೆ. ತಾರೀಖು ನಾಲ್ಕು ದಿನ ಹಿಂದೆ ಬಿತ್ತು ಅಂದರೆ ಮನೆಯಲ್ಲಿ ಏನೋ ಆಗಿದೆ ಅಂತಲೇ ಅರ್ಥ. ಹಾಜರಿ ಪುಸ್ತಕಕ್ಕಿಂತ ಇದನ್ನೇ ನಾನು ನಂಬುವುದು.

ನಡುವೆ ಮೇವಿಗೆ ಅಂತ ಅಜೋಲ್ಲಾ, ಅಂದರೆ ನೀರಿನ ಮೇಲೆ ಬೆಳೆಯುವ ಸಣ್ಣ ಸಸ್ಯ, ಮಾಡಿ ನೋಡಿದೆ. ನಮ್ಮ ಬಿಸಿಲಿಗೆ ಏಪ್ರಿಲ್‌ನಲ್ಲೇ ಸತ್ತಿತು. ಜಾಲಿ ಕಾಯಿ ಆರಿಸಿ ಒಣಗಿಸಿ ಇಡುವುದು ಚೆನ್ನಾಗಿ ನಡೆಯಿತು. ಮನೆಗೆ ಹತ್ತತ್ತು ಗಿರಿರಾಜ ಕೋಳಿ ಮರಿ ಕೊಟ್ಟಿದ್ದೆ. ಕೊಕ್ಕರೆ ರೋಗಕ್ಕೆ ಅರ್ಧ ಹೋದವು. ಉಳಿದವು ಇಟ್ಟ ಮೊಟ್ಟೆಯನ್ನು ಯಾರೂ ಮಾರಲಿಲ್ಲ, ಮಕ್ಕಳೇ ತಿಂದರು. ಅದಕ್ಕಾಗಿ ಕೋಳಿಯನ್ನು ಮತ್ತೆ ಕೊಡುತ್ತೇನೆ.

2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ಬರುವ ಮನೆಗಳಿಗೆ ವಾರದ ದುಡ್ಡು ಕಡಿಮೆ ಸಾಕು. ಆದರೆ ತೀರಾ ಬಡವರಲ್ಲಿ ಎಷ್ಟೋ ಜನರ ಹತ್ತಿರ ರೇಷನ್ ಕಾರ್ಡೇ ಇರುವುದಿಲ್ಲ, ಅವರಿಗೆ ಪೂರ್ತಿ ಕೊಡಿ. ತಂದೆ ಇಲ್ಲದ ಮಕ್ಕಳಿಗೆ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದ ಸಹಾಯಧನಕ್ಕೂ ಅರ್ಜಿ ಹಾಕಿಸಿ. ತಿಂಗಳಿಗೆ 4,000. ಮರಣ ಪತ್ರ ಮಾಡಿಸದ ಮನೆಗಳೇ ಜಾಸ್ತಿ, ಓಡಾಟ ಅಲ್ಲಿಂದ ಶುರು ಮಾಡಬೇಕು.

ಕೈ ತಪ್ಪಿದ ಐದು ಮನೆಗಳಲ್ಲಿ ಎರಡು ಬೆಂಗಳೂರಿಗೆ ಗುಳೆ ಹೋದವು. ಮೂರು ಮನೆಯವರು ಆಸ್ಪತ್ರೆ ಖರ್ಚಿಗೆ ಮಾರಿದರು. ಅದಕ್ಕೆ ನನ್ನ ಬಳಿ ಇನ್ನೂ ದಾರಿಯಿಲ್ಲ.

ಶ್ರಾವಣದ ಪ್ರಶ್ನೆ ಕೇಳಿದ ಅಕ್ಕ ಈ ಸಲ ಬಕ್ರೀದ್‌ಗೆ ಮುಂಚೆ ಎರಡು ಹೋತ ಮಾರಿದಳು. ವ್ಯಾಪಾರಿ ಕಣ್ಣಂದಾಜಿನಲ್ಲಿ ಜೋಡಿಗೆ 11 ಸಾವಿರ ಅಂದ. ಒಂಬತ್ತನೇ ಕ್ಲಾಸಿನ ಮಗಳು ಬೇವಿನ ಕೊಂಬೆಗೆ ತಕ್ಕಡಿ ನೇತುಹಾಕಿ, ಒಂದೊಂದಾಗಿ ತೂಗಿ, ಕೆಜಿ ಲೆಕ್ಕದಲ್ಲಿ ಕೇಳಿದಳು. 14 ಸಾವಿರದ ಮೇಲೆ ಬಂತು. ನಾನು 400 ರೂಪಾಯಿ ಕೊಟ್ಟು ತಂದಿದ್ದ ತಕ್ಕಡಿ ಅದು. ಈಗ ಓಣಿಯವರೆಲ್ಲ ಆಡು ಮಾರುವ ಮುಂಚೆ ಅವಳ ಮನೆಗೆ ಬಂದು ಅದನ್ನು ಕೇಳಿ ಒಯ್ಯುತ್ತಾರೆ.