777 ಹಾಕಿ ಮರೆತಿದ್ದೆ

ತೀರ್ಥಹಳ್ಳಿ ಹತ್ತಿರ ನಮ್ಮ ಮಾವನ ಹೋಂಸ್ಟೇ ಇದೆ. ಅದರ ವೆಬ್‌ಸೈಟ್ ನೋಡಿಕೊಳ್ಳುವವನು ನಾನು. ಸಣ್ಣ ಉಬುಂಟು (ಲಿನಕ್ಸ್) ಸರ್ವರ್, ಪುಟಗಳನ್ನು ಕಳಿಸಲು ಅಪಾಚೆ, ಮೇಲೆ ಸೈಟ್ ನಡೆಸುವ ವರ್ಡ್‌ಪ್ರೆಸ್. ಶುರುವಲ್ಲಿ ಫೋಟೊ ಅಪ್‌ಲೋಡ್ ಆಗದೆ ತಲೆಕೆಟ್ಟು, ಇಡೀ ಸೈಟಿನ ಫೈಲುಗಳಿಗೆ 777 ಅನ್ನುವ ಅನುಮತಿ ನಂಬರ್ ಹಾಕಿಬಿಟ್ಟೆ. ಯಾರು ಬೇಕಾದರೂ ಓದಬಹುದು, ಬರೆಯಬಹುದು ಅಂತ ಅದರರ್ಥ. ಫೋಟೊ ಹತ್ತಿತು. ನಾನೂ ಮರೆತೆ.

ಹೋದ ಮಳೆಗಾಲದಲ್ಲಿ ಮಾವನ ಫೋನ್. "ಎಂತದು ಮಾರಾಯ, ನಮ್ಮ ಸೈಟ್ ಒತ್ತಿದ್ರೆ ಜೂಜಿನ ಪೇಜ್ ಬರ್ತದಂತೆ!"

ನೋಡಿದರೆ ಅಪ್‌ಲೋಡ್ಸ್ ಫೋಲ್ಡರಿನಲ್ಲಿ, ತೋಟದ ಫೋಟೊಗಳ ನಡುವೆ, ಒಂದು ಪಿಎಚ್‌ಪಿ ಫೈಲ್, ಅಂದರೆ ಸರ್ವರಿನಲ್ಲಿ ಓಡುವ ಪ್ರೋಗ್ರಾಂ, ಕೂತಿದೆ. ಹಳೇ ಪ್ಲಗಿನ್ ಒಂದರ ತೂತಿನಿಂದ ನುಗ್ಗಿತ್ತು. ನನ್ನ 777 ದೆಸೆಯಿಂದ ಮುಖಪುಟದ ಫೈಲನ್ನೂ ತಿದ್ದಿಬಿಟ್ಟಿತ್ತು. ಫೋಟೊ, ಡೇಟಾಬೇಸ್ ಮಾತ್ರ ಉಳಿಸಿಕೊಂಡು, ಅವನ್ನೂ ಜಾಲಾಡಿ, ಉಳಿದದ್ದೆಲ್ಲ ಹೊಸದಾಗಿ ಹಾಕಿದೆ. ಪಾಸ್‌ವರ್ಡ್‌ಗಳನ್ನೂ ಬದಲಿಸಿದೆ.

ಆಮೇಲೆ ಇನ್ನೊಂದು ಎಡವಟ್ಟು. ಭಯಕ್ಕೆ ಎಲ್ಲದಕ್ಕೂ ಒಂದೇ ಏಟಿಗೆ 644 ಹಾಕಿದೆ. ಸೈಟ್ ಪೂರ್ತಿ 403, ಅಂದರೆ ಪ್ರವೇಶವಿಲ್ಲ! ಲೆಕ್ಕ ಸುಲಭ: ಓದಲು 4, ಬರೆಯಲು 2, ನಡೆಸಲು 1, ಕೂಡಿಸಿದರೆ ಒಂದು ಅಂಕಿ. ಮೊದಲ ಅಂಕಿ ಮಾಲೀಕನಿಗೆ, ಎರಡನೆಯದು ಗ್ರೂಪಿಗೆ, ಮೂರನೆಯದು ಬೇರೆಯವರಿಗೆ. ಆದರೆ ಫೋಲ್ಡರಿಗೆ ಆ 1 ಅಂದರೆ ಒಳಗೆ ಕಾಲಿಡುವ ಅನುಮತಿ. ಅದಿಲ್ಲದಿದ್ದರೆ ಅಂಗಳದಲ್ಲಿ ನಿಂತು ಮನೆಯವರ ಹೆಸರು ಕೂಗಬಹುದು, ಹೊಸ್ತಿಲು ದಾಟುವಂತಿಲ್ಲ. ಫೈಂಡ್ ಕಮಾಂಡಿನಲ್ಲಿ ಬೇರೆ ಬೇರೆ ಮಾಡಿ ಫೋಲ್ಡರಿಗೆ 755, ಫೈಲಿಗೆ 644 ಕೊಟ್ಟ ಮೇಲೆ ಸೈಟ್ ಎದ್ದಿತು.

ನಿಜ ಹೇಳಬೇಕಂದರೆ, ಮೊದಲ ದಿನದ ತೊಂದರೆ ನಂಬರಿನದ್ದೇ ಅಲ್ಲ, ಮಾಲೀಕತ್ವದ್ದು. ರೂಟ್ ಅನ್ನುವ, ಸರ್ವರಿನ ಯಜಮಾನ ಯೂಸರ್ ಆಗಿ ಫೈಲ್ ಹಾಕಿದ್ದೆ. ಅಪಾಚೆ ಓಡುವುದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅನ್ನುವ ಯೂಸರ್ ಹೆಸರಲ್ಲಿ. ಅದು ಬರೆಯುವುದಾದರೂ ಹೇಗೆ, ಅಲ್ವಾ? ಈಗ ಸೈಟೆಲ್ಲ ನನ್ನ ಯೂಸರ್ ಹೆಸರಲ್ಲಿದೆ, ಅಪ್‌ಲೋಡ್ಸ್ ಮಾತ್ರ ಅದರ ಹೆಸರಲ್ಲಿ. ಅಲ್ಲಿ ಪಿಎಚ್‌ಪಿ ಓಡದಂತೆ ಅಪಾಚೆಯಲ್ಲೇ ತಡೆದಿದ್ದೇನೆ. ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲಿಗೆ 640: ನಾನು ಬರೆಯಬಹುದು, ಅಪಾಚೆಯ ಗ್ರೂಪ್ ಓದಬಹುದು, ಬೇರೆಯವರಿಗೆ ಏನೂ ಇಲ್ಲ.

ಒಂದು ಕಿರಿಕಿರಿ ಉಳಿದಿದೆ. ಫೈಲುಗಳು ಅಪಾಚೆಯ ಹೆಸರಲ್ಲಿ ಇಲ್ಲದ್ದರಿಂದ, ವರ್ಡ್‌ಪ್ರೆಸ್ ಒಳಗೆ ಅಪ್‌ಡೇಟ್ ಒತ್ತಿದರೆ ಎಫ್‌ಟಿಪಿ (ಸರ್ವರಿಗೆ ಫೈಲ್ ಕಳಿಸುವ ದಾರಿ) ಪಾಸ್‌ವರ್ಡ್ ಕೇಳುತ್ತದೆ. "ಅಲ್ಲಿ ಎಂತ ತುಂಬಬೇಡಿ, ನಂಗೆ ಫೋನ್ ಮಾಡಿ" ಅಂದಿದ್ದೇನೆ ಮಾವನಿಗೆ. ವಾರಕ್ಕೊಮ್ಮೆ ನಾನೇ ಲಾಗಿನ್ ಆಗಿ ಮಾಡುತ್ತೇನೆ, ಕರೆಂಟ್ ಇದ್ದರೆ.