ಹಾಂಗ್ ಕಾಂಗ್ ಮಾತುಕತೆ ನಮ್ಮ ಕ್ಲಾಸಿನಲ್ಲಿ

ನಾನು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ದೇಶಗಳ ನಡುವಿನ ಮಾತುಕತೆ ಹೇಗಿರುತ್ತದೆ ಅನ್ನುವುದನ್ನು ಕಲಿಸಲು, 1993ರಲ್ಲಿ ಬೀಜಿಂಗ್‌ನಲ್ಲಿ ಬ್ರಿಟನ್ ಮತ್ತು ಚೀನಾ ನಡೆಸಿದ 17 ಸುತ್ತುಗಳ ಮಾತುಕತೆಯನ್ನು ವಿದ್ಯಾರ್ಥಿಗಳಿಂದಲೇ ಆಡಿಸುತ್ತೇನೆ. ಬ್ರಿಟನ್ ಆಳುತ್ತಿದ್ದ ಹಾಂಗ್ ಕಾಂಗ್ 1997ರ ಜುಲೈ 1ಕ್ಕೆ ಚೀನಾಕ್ಕೆ ಸೇರುವುದು ಆಗಲೇ ತೀರ್ಮಾನವಾಗಿತ್ತು. ಅದಕ್ಕೂ ಮೊದಲಿನ ಚುನಾವಣೆ ಹೇಗೆ ನಡೆಯಬೇಕು ಅನ್ನುವುದೇ ಜಗಳ.

ಮೊದಲು ಬೋರ್ಡಿನ ಮೇಲೆ 1995ರಲ್ಲಿ ಆರಿಸಬೇಕಿದ್ದ ಹಾಂಗ್ ಕಾಂಗ್ ಶಾಸನ ಸಭೆಯ ಲೆಕ್ಕ ಬರೆಯುತ್ತೇನೆ. ಒಟ್ಟು 60 ಸ್ಥಾನ. ನೇರ ಚುನಾವಣೆಗೆ 20, ವೃತ್ತಿ ಕ್ಷೇತ್ರಗಳಿಗೆ 30, ಸದಸ್ಯರನ್ನು ಆರಿಸುವ ಒಂದು ಚುನಾವಣಾ ಸಮಿತಿಗೆ 10. ಈ ಲೆಕ್ಕಕ್ಕೆ ಇಬ್ಬರದೂ ತಕರಾರಿಲ್ಲ. ಹಾಗಾದರೆ ಜಗಳ ಎಲ್ಲಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ನಮ್ಮ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರವನ್ನು ನೆನಪಿಸುತ್ತೇನೆ. ಅಲ್ಲಿ ಶಿಕ್ಷಕರಿಗೆ ಮಾತ್ರ ಮತ ಅಲ್ವಾ? ವೃತ್ತಿ ಕ್ಷೇತ್ರಗಳೂ ಹಾಗೇ. ಆ 30ರಲ್ಲಿ 9 ಹೊಸ ಕ್ಷೇತ್ರಗಳಲ್ಲಿ ದುಡಿಯುವ ಜನಕ್ಕೆಲ್ಲ ಮತ ಕೊಡೋಣ ಅಂತ ಹಾಂಗ್ ಕಾಂಗಿನ ಬ್ರಿಟಿಷ್ ಗವರ್ನರ್ ಕ್ರಿಸ್ ಪ್ಯಾಟನ್ 1992ರ ಅಕ್ಟೋಬರ್‌ನಲ್ಲಿ ಪ್ರಸ್ತಾಪ ಇಟ್ಟರು. ಸ್ಥಾನದ ಲೆಕ್ಕ ಅಷ್ಟೇ ಇತ್ತು, ಮತದಾರರು ಮಾತ್ರ ಲಕ್ಷಗಟ್ಟಲೆ ಜಾಸ್ತಿಯಾಗುತ್ತಿದ್ದರು. 1990ರಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ಬರೆದುಕೊಂಡ ಪತ್ರಗಳಿಗೆ ಇದು ವಿರುದ್ಧ ಅಂತ ಚೀನಾ ಹಟ ಹಿಡಿಯಿತು.

ಆಮೇಲೆ ಎರಡು ತಂಡಗಳಿಗೂ ಗುಟ್ಟಿನ ಚೀಟಿ ಕೊಡುತ್ತೇನೆ. ಚೀನಾದ ಚೀಟಿಯಲ್ಲಿ, 1995ರಲ್ಲಿ ಗೆದ್ದವರು 1997 ದಾಟಿ ಮುಂದುವರಿಯಲು ಬಿಡುವುದು ನಿಮ್ಮ ಕೈಯಲ್ಲಿದೆ ಅಂತ ಇರುತ್ತದೆ. ಬ್ರಿಟನ್ನಿನದರಲ್ಲಿ, 1994ರ ಸೆಪ್ಟೆಂಬರ್‌ಗೆ ಜಿಲ್ಲಾ ಮಂಡಳಿ ಚುನಾವಣೆ ಇದೆ, ಅದಕ್ಕೆ ಮೊದಲು ಕಾನೂನು ಪಾಸಾಗಬೇಕು ಅಂತ. ಮತದಾನದ ವಯಸ್ಸನ್ನು 18ಕ್ಕೆ ಇಳಿಸುವುದು ಬೇಗ ಮುಗಿಯುತ್ತದೆ. ಒಂದು ಕ್ಷೇತ್ರಕ್ಕೆ ಒಬ್ಬನೇ ಸದಸ್ಯ ಅನ್ನುವ ಪದ್ಧತಿ ಜಿಲ್ಲಾ ಮಂಡಳಿಗೆ ಮಾತ್ರವೋ, ಶಾಸನ ಸಭೆಗೂ ಬೇಕೋ ಅನ್ನುವಲ್ಲಿ ಮಾತು ನಿಲ್ಲುತ್ತದೆ. ನಿಜದಲ್ಲೂ ಅಲ್ಲೇ ಮುರಿದುಬಿತ್ತು, 1993ರ ನವೆಂಬರ್‌ನಲ್ಲಿ.

ಕೊನೆಯಲ್ಲಿ ಏನಾಯಿತು ಅಂತ ಮೊದಲೇ ಹೇಳಬೇಡಿ. ಆಟ ಮುಗಿದ ಮೇಲೆ ಹೇಳಿ: ಬ್ರಿಟನ್ ತನ್ನ ಪ್ರಸ್ತಾಪದಂತೆಯೇ ಚುನಾವಣೆ ನಡೆಸಿತು. ಚೀನಾ ಬೇರೆ ತಾತ್ಕಾಲಿಕ ಸಭೆ ಕಟ್ಟಿ, ಹಾಂಗ್ ಕಾಂಗ್ ಪಕ್ಕದ ತನ್ನ ಊರಾದ ಶೆನ್‌ಜೆನ್‌ನಲ್ಲಿ ಸೇರಿಸಿ, ಹಸ್ತಾಂತರದ ದಿನ ಅದನ್ನೇ ಕೂರಿಸಿತು.

ನನಗೆ ತುಂಬಾ ಮುಖ್ಯ ಅನ್ನಿಸುವುದು ಮೂರನೇ ತಂಡ. ಹಾಂಗ್ ಕಾಂಗ್ ಜನರ ಪಾತ್ರದವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸುತ್ತೇನೆ. ಬ್ರಿಟನ್ ತಂಡಕ್ಕೆ ಚೀಟಿ ದಾಟಿಸಬಹುದು, ಮಾತಾಡುವಂತಿಲ್ಲ. ಹಾಂಗ್ ಕಾಂಗನ್ನು ಮೂರನೇ ಪಕ್ಷವಾಗಿ ಒಪ್ಪಲು ಚೀನಾ ಸಿದ್ಧವಿರಲಿಲ್ಲ. ಇಲ್ಲಿ ವಿದ್ಯಾರ್ಥಿಗಳಿಗೆ ಸಿಟ್ಟು ಬರುತ್ತದೆ. ನಾನು ತಡೆಯುವುದಿಲ್ಲ, ಆ ಸಿಟ್ಟನ್ನೇ ಬೇಡಿಕೆಯಾಗಿ ಬರೆಯಲು ಹೇಳುತ್ತೇನೆ. ಮರುದಿನ ಜಾಗ ಬದಲಿಸುತ್ತೇನೆ. ನಿನ್ನೆ ಚೀನಾ ಆಗಿದ್ದವರು ಹಿಂದಿನ ಬೆಂಚಿಗೆ.

ಆ ಬೆಂಚಿನಿಂದ ಬರುವ ಚೀಟಿಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: 20 ಯಾಕೆ, 60ಕ್ಕೂ ನೇರ ಚುನಾವಣೆ ಯಾಕಾಗಬಾರದು? ಆಗ ಹಾಂಗ್ ಕಾಂಗ್ ಶಾಸನ ಸಭೆಯ ಸದಸ್ಯೆಯಾಗಿದ್ದ ಎಮಿಲಿ ಲಾವ್ ಹೆಸರು ಹೇಳುತ್ತೇನೆ. 1994ರ ಜೂನ್‌ನಲ್ಲಿ ಅವರು ಇದನ್ನೇ ಕೇಳಿ ಶಾಸನ ಸಭೆಯಲ್ಲಿ ಮಸೂದೆ ತಂದರು. ಒಂದೇ ಮತದಿಂದ ಅದು ಬಿದ್ದುಹೋಯಿತು.