ತಾಲೂಕಿಗೆ ಇನ್ನೊಂದು ಕೋರ್ಟು ಬೇಕೇ? ಹೀಗೆ ಕೇಳಿ

ಆನೇಕಲ್‌ನಲ್ಲಿ ವಕೀಲಿ ಮಾಡುವ ನಾನು ಎಲ್ಲರಿಗೂ ಹೇಳುವುದು ಇಷ್ಟೇ: "ಕೇಸು ಜಾಸ್ತಿ ಆಗಿದೆ, ಕೋರ್ಟು ಕೊಡಿ" ಅಂತ ಬರೆದರೆ ಸಾಲದು. ಯಾವ ಕೋರ್ಟು ಬೇಕು ಅಂತ ಬರೆಯಿರಿ.

ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆ ಕಡೆ ಕಾರ್ಖಾನೆ, ಬಡಾವಣೆ ಬಂದವು. ಜಮೀನಿನ ಬೆಲೆ ಏರಿತು, ಜೊತೆಗೆ ಪಾಲಿನ ದಾವೆಗಳೂ ಏರಿದವು. ಮೇಲೆ ಚೆಕ್ ಬೌನ್ಸ್ ಕೇಸು, ಹೊಸೂರು ರಸ್ತೆಯ ಅಪಘಾತದ ಪರಿಹಾರದ ಅರ್ಜಿ. ಇವೆಲ್ಲ ಒಂದೇ ಕೋರ್ಟಿಗೆ ಹೋಗುವುದಿಲ್ಲ. ಚೆಕ್ ಕೇಸು ಮ್ಯಾಜಿಸ್ಟ್ರೇಟರ ಮುಂದೆ ಗುಡ್ಡೆ ಬಿದ್ದಿರುವಾಗ ಜಿಲ್ಲಾ ನ್ಯಾಯಾಧೀಶರ ಕೋರ್ಟು ಕೇಳಿ ಏನು ಬಂತು?

ಲೆಕ್ಕಕ್ಕೆ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್ (ಕೋರ್ಟುಗಳ ಕೇಸಿನ ಅಂಕಿ ಕೊಡುವ ವೆಬ್‌ಸೈಟ್, NJDG) ನೋಡಿ. ನಿಮ್ಮ ಕೋರ್ಟಿನಲ್ಲಿ ಬಾಕಿ ಎಷ್ಟು, 10 ವರ್ಷ ದಾಟಿದ್ದು ಎಷ್ಟು, ತಿಂಗಳಿಗೆ ಬಂದಿದ್ದೆಷ್ಟು, ಮುಗಿದಿದ್ದೆಷ್ಟು, ಎಲ್ಲ ಸಿಗುತ್ತದೆ. ಜೊತೆಗೆ ನ್ಯಾಯಾಧೀಶರ ಹುದ್ದೆ ಖಾಲಿ ಇದೆಯಾ ವಿಚಾರಿಸಿ. ಖಾಲಿ ಇದ್ದರೆ ಮೊದಲು ಅದನ್ನು ತುಂಬಲು ಕೇಳಿ, ಅದು ಬೇಗ ಆಗುವ ಕೆಲಸ. 10 ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕು ಅಂತ ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಅದನ್ನೂ ಒಂದು ಸಾಲು ಬರೆಯಿರಿ, ಆದರೆ ಅದೊಂದನ್ನೇ ನಂಬಬೇಡಿ. ನಿಮ್ಮ ಊರಿನ ಅಂಕಿಯೇ ಹೆಚ್ಚು ಮಾತಾಡುತ್ತದೆ.

ವಕೀಲರ ಸಂಘದಲ್ಲಿ ಠರಾವು ಮಾಡಿ, ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಮನವಿ ಕೊಡಿ. ಅವರ ವರದಿ ಹೈಕೋರ್ಟಿಗೆ, ಅಲ್ಲಿಂದ ಪ್ರಸ್ತಾವ ಸರ್ಕಾರಕ್ಕೆ ಹೋಗುತ್ತದೆ. ಕಡತ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಹಣದ ಹತ್ತಿರ. ಒಂದು ಕೋರ್ಟು ಅಂದರೆ ನ್ಯಾಯಾಧೀಶರು ಒಬ್ಬರೇ ಅಲ್ವಲ್ಲ! ಶಿರಸ್ತೇದಾರ, ಸ್ಟೆನೋ, ಬೆಂಚ್ ಕ್ಲರ್ಕ್, ಸಮನ್ಸ್ ಜಾರಿ ಮಾಡುವವರು, ಸರ್ಕಾರಿ ವಕೀಲರು ಬೇಕು. ಈ ಪಟ್ಟಿ ಮನವಿಯಲ್ಲೇ ಇರಲಿ. ಕಟ್ಟಡ ಆಗುವವರೆಗೆ ಕೂರಲು ಯಾವ ಜಾಗ ಇದೆ ಅಂತಲೂ ತೋರಿಸಿ. ಪಾಲು ಕೇಳಿ ಬಂದ ಹೆಣ್ಣುಮಗಳು ತೀರ್ಪು ಬರುವಷ್ಟರಲ್ಲಿ ಅಜ್ಜಿಯಾಗಿರುತ್ತಾಳೆ. ಅವಳನ್ನು ಇನ್ನೂ ಕಾಯಿಸಲು ನಮಗೆ ಹಕ್ಕಿಲ್ಲ.

ಪೂರ್ತಿ ಸಿಗದಿದ್ದರೆ ಸಿಕ್ಕಿದ್ದನ್ನು ಬಿಡಬೇಡಿ. ಧಾರವಾಡ, ಕಲಬುರಗಿಗೆ 2008ರಲ್ಲಿ ಬಂದಿದ್ದು ಹೈಕೋರ್ಟಿನ ಸಂಚಾರಿ ಪೀಠ. ಅವು ಕಾಯಂ ಆಗಿದ್ದು 2013ರಲ್ಲಿ.

ಕೋರ್ಟು ಶುರುವಾದ ಮೇಲೆ ಹಳೆಯ ಕೇಸುಗಳು ಅಲ್ಲಿಗೆ ವರ್ಗವಾಗುತ್ತವೆ. ಪ್ರತಿ ಕಕ್ಷಿದಾರರಿಗೂ ಫೋನ್ ಮಾಡಿ, ಹೊಸ ಕೋರ್ಟ್ ಹಾಲ್, ವಾಯ್ದೆಯ ದಿನ ಎರಡನ್ನೂ ಹೇಳಿ. ಹಳೇ ಬಾಗಿಲಲ್ಲಿ ಕೂತು ಕಾದವರ ಮೇಲೆ ವಾರಂಟ್ ಆಗಬಾರದು.